ಮೆಲಟೊನಿನ್ ಗುಳಿಗೆ ರಕ್ತವನ್ನು ಸೇರುವ ಬಗೆ

ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ನೆಲಸಿರುವ ನಮಗೆ ಔಷಧದ ತಯಾರಿಕೆಯೆಂಬುದು ದೂರದ ಸಂಗತಿಯಲ್ಲ. ವಡೋದರದಲ್ಲಿ ಅಲೆಂಬಿಕ್ ಕಾರ್ಖಾನೆ ಹುಟ್ಟಿದ್ದು ೧೯೦೭ರಲ್ಲಿ; ಸಾರಾಭಾಯಿ ಕೆಮಿಕಲ್ಸ್ ಹುಟ್ಟಿದ್ದು ೧೯೪೩ರಲ್ಲಿ. ಅಹಮದಾಬಾದಿನ ಎಲ್. ಎಂ. ಔಷಧವಿಜ್ಞಾನ ಕಾಲೇಜು ೧೯೪೭ರಲ್ಲಿಯೂ, ಕ್ಯಾಡಿಲಾ ಪ್ರಯೋಗಶಾಲೆ ೧೯೫೨ರಲ್ಲಿಯೂ ಆರಂಭವಾದುವು. ಗುಳಿಗೆ ಎಲ್ಲಿ ತಯಾರಾಗುತ್ತದೆಂಬುದನ್ನು ನಾವು ಬಲ್ಲೆವು. ಆದರೆ ನುಂಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಬಲ್ಲವರು ಕಡಮೆ.

ಈ ಸಲದ ಪಾಠಕ್ಕೆ ಮೆಲಟೊನಿನ್ ಎಂಬ ವಸ್ತುವನ್ನು ಆರಿಸಿಕೊಂಡಿದೆ. ಅದಕ್ಕೆ ಕಾರಣವುಂಟು. ಕೋಯಲಿಯ ತೈಲ ಶುದ್ಧೀಕರಣಾಗಾರದಲ್ಲಿ, ಹಜೀರಾದ ಕಾರ್ಖಾನೆಗಳಲ್ಲಿ, ಆಸ್ಪತ್ರೆಗಳಲ್ಲಿ, ಹೋಟೆಲುಗಳಲ್ಲಿ ರಾತ್ರಿಪಾಳಿ ಮಾಡುವವರಿಗೆ ಹಗಲು ನಿದ್ರೆ ಹತ್ತುವುದು ಕಷ್ಟ. ವಯಸ್ಸಾದವರಿಗೆ ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದು ಕಷ್ಟ. ಅಂಥವರ ಕೈಗೆ ಇಂದು ಮೆಲಟೊನಿನ್ ಸುಲಭವಾಗಿ ಬರುತ್ತಿದೆ. ಗುಳಿಗೆ, ಬಾಯಲ್ಲಿ ಕರಗುವ ಬಿಲ್ಲೆ, ತುಂತುರು, ಹನಿ, ಮಿಠಾಯಿಯಂತಹ ಗಮ್ಮಿ, ಹೀಗೆ ನಾನಾ ರೂಪಗಳಲ್ಲಿ ಬರುತ್ತಿದೆ. ಚೀಟಿಯ ಮೇಲೆ ೩ ಮಿಲಿಗ್ರಾಂ ಎಂದೋ ೫ ಮಿಲಿಗ್ರಾಂ ಎಂದೋ ಅಚ್ಚಾಗಿರುತ್ತದೆ. ಹಾಗಾದರೆ ಅಷ್ಟೂ ರಕ್ತವನ್ನು ಸೇರುತ್ತದೆಯೆ? ಇಲ್ಲ. ಸಾಮಾನ್ಯವಾಗಿ ನುಂಗಿದ್ದರಲ್ಲಿ ಏಳನೆಯ ಒಂದು ಪಾಲು ಮಾತ್ರ ಸೇರುತ್ತದೆ. ಉಳಿದ ಆರು ಪಾಲು ಏನಾಗುತ್ತದೆಂಬುದನ್ನು ತಿಳಿದರೆ, ಯಾವ ರೂಪ ಯಾರಿಗೆ ಹೊಂದುತ್ತದೆ, ಎಷ್ಟು ಸಾಕು ಎಂಬುದೂ ತಾನಾಗಿ ತಿಳಿಯುತ್ತದೆ.

೧. ಇರುಳಿನ ಸೂಚನೆ

ಮಿದುಳಿನ ನಡುವೆ ಪೀನಿಯಲ್ ಎಂಬ ಕಿರಿದಾದ ಗ್ರಂಥಿಯೊಂದಿದೆ. ಕತ್ತಲಾದ ಮೇಲೆ ಅದು ಮೆಲಟೊನಿನ್ನನ್ನು ರಕ್ತಕ್ಕೆ ಬಿಡುತ್ತದೆ; ಬೆಳಕು ಕಣ್ಣಿಗೆ ಬಿದ್ದರೆ ನಿಲ್ಲಿಸುತ್ತದೆ. ೧೯೧೭ರಲ್ಲಿ ಮೆಕಾರ್ಡ್ ಮತ್ತು ಆಲೆನ್ ಎಂಬವರು ದನದ ಪೀನಿಯಲ್ ಗ್ರಂಥಿಯ ಸಾರವು ಗೊದಮೊಟ್ಟೆಗಳ ಚರ್ಮವನ್ನು ಬಿಳಿಚಿಸುತ್ತದೆಂದು ಕಂಡುಕೊಂಡರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮವೈದ್ಯ ಆರನ್ ಲರ್ನರ್ ಮತ್ತು ಅವರ ಸಂಗಡಿಗರು ಆ ಜಾಡನ್ನೇ ಹಿಡಿದು, ಅಪಾರ ಸಂಖ್ಯೆಯ ಗ್ರಂಥಿಗಳನ್ನು ಸಂಸ್ಕರಿಸಿ, ೧೯೫೮ರಲ್ಲಿ ಈ ವಸ್ತುವನ್ನು ಬೇರ್ಪಡಿಸಿ ಹೆಸರಿಟ್ಟರು. ಚರ್ಮದ ಬಣ್ಣಕ್ಕಾಗಿ ಹುಡುಕಿದವರಿಗೆ ನಿದ್ರೆಯ ದೂತನೊಬ್ಬ ಸಿಕ್ಕಿದ. ಇಂದು ಮಾರುಕಟ್ಟೆಯಲ್ಲಿರುವ ಮೆಲಟೊನಿನ್ ಸಾಮಾನ್ಯವಾಗಿ ರಾಸಾಯನಿಕವಾಗಿ ತಯಾರಿಸಿದ್ದು, ಪ್ರಾಣಿಗಳಿಂದ ತೆಗೆದದ್ದಲ್ಲ.

ಎರಡು ಮಾತುಗಳನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು, ಮೆಲಟೊನಿನ್ ಮಂಪರು ಬರಿಸಿ ಕೆಡಹುವ ಮದ್ದಲ್ಲ; 'ರಾತ್ರಿಯಾಯಿತು' ಎಂದು ದೇಹಕ್ಕೆ ತಿಳಿಸುವ ಸೂಚನೆ. ಎರಡನೆಯದು, ದೇಹಕ್ಕೆ ಬೇಕಾಗುವ ಪ್ರಮಾಣ ಅತ್ಯಲ್ಪ. ಇಡೀ ರಾತ್ರಿಯಲ್ಲಿ ನಮ್ಮ ಗ್ರಂಥಿ ಬಿಡುವುದು ಸುಮಾರು ೩೦ ಮೈಕ್ರೋಗ್ರಾಂ ಎಂದು ಅಂದಾಜು. ಒಂದು ಮಿಲಿಗ್ರಾಮಿನಲ್ಲಿ ಸಾವಿರ ಮೈಕ್ರೋಗ್ರಾಂ ಇರುತ್ತದೆಂಬುದನ್ನು ನೆನೆದರೆ, ಇದು ಎಷ್ಟು ಸೂಕ್ಷ್ಮವಾದ ವ್ಯವಹಾರವೆಂಬುದು ಗೊತ್ತಾಗುತ್ತದೆ.

೨. ಸುಂಕದ ಕಟ್ಟೆ

ನುಂಗಿದ ಗುಳಿಗೆ ಮೊದಲು ಜಠರದಲ್ಲಿ ಒಡೆದು ಕರಗಬೇಕು. ಲೇಪವಿಲ್ಲದ ಸಾಮಾನ್ಯ ಗುಳಿಗೆ, ದೇಹದ ಶಾಖದಷ್ಟು ಬೆಚ್ಚಗಿನ ನೀರಿನಲ್ಲಿ ೧೫ ನಿಮಿಷದೊಳಗೆ ಒಡೆಯಬೇಕೆಂದು ನಮ್ಮ ಭಾರತೀಯ ಔಷಧಕೋಶದ ನಿಯಮ. ಕರಗಿದ ಮೆಲಟೊನಿನ್ ಸಣ್ಣ ಕರುಳಿಗೆ ಇಳಿಯುತ್ತದೆ. ಅದರ ಅಣು ಚಿಕ್ಕದು. ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥದು. ಜೀವಕೋಶಗಳ ಪೊರೆಯೂ ಕೊಬ್ಬಿನ ಅಂಶದ್ದೇ ಆದುದರಿಂದ ಮೆಲಟೊನಿನ್ ಅದನ್ನು ಸಲೀಸಾಗಿ ದಾಟುತ್ತದೆ. ಹೀಗೆ, ಕರುಳು ಅದನ್ನು ಹೀರಿಕೊಳ್ಳುವುದರಲ್ಲಿ ಹೆಚ್ಚಿನ ಕೊರತೆಯೇನೂ ಮಾಡುವುದಿಲ್ಲ.

ತೊಡಕು ಇರುವುದು ಮುಂದಿನ ಹಾದಿಯಲ್ಲಿ. ಕರುಳಿನಿಂದ ಹೊರಟ ರಕ್ತ ನೇರವಾಗಿ ಗುಂಡಿಗೆಗೆ ಹೋಗುವುದಿಲ್ಲ. ಅದು ಒಂದು ದೊಡ್ಡ ಅಭಿಧಮನಿಯ ಮೂಲಕ ಮೊದಲು ಯಕೃತ್ತಿಗೆ ಹೋಗಬೇಕು. ೨೦೦೭ರ ತನಕ ಗುಜರಾತಿನ ಊರುಗಳ ಬಾಗಿಲಲ್ಲಿ ಆಕ್ಟ್ರಾಯ್ ನಾಕಾಗಳಿದ್ದುದನ್ನು ಹಿರಿಯ ವಾಚಕರು ಕಂಡಿದ್ದಾರೆ. ಲಾರಿ ಎಲ್ಲಿಂದಲೇ ಬರಲಿ, ಅಲ್ಲಿ ನಿಂತು ಸುಂಕ ತೆತ್ತೇ ಊರೊಳಗೆ ಹೋಗಬೇಕಾಗಿತ್ತು. ಯಕೃತ್ತು ಅಂಥದೊಂದು ಕಟ್ಟೆ. ಅಲ್ಲಿನ ಸುಂಕ ಮಾತ್ರ ಬಹು ಭಾರಿ: ನೂರಕ್ಕೆ ಸುಮಾರು ೮೫. ಅಲ್ಲಿರುವ ಒಂದು ಕಿಣ್ವವು ಮೆಲಟೊನಿನ್ನನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುತ್ತದೆ; ಅದು ಮೂತ್ರದ ಮೂಲಕ ಹೊರಬೀಳುತ್ತದೆ. ಕಟ್ಟೆಯನ್ನು ದಾಟಿ ದೇಹಕ್ಕೆಲ್ಲ ಹರಡುವುದು ನೂರಕ್ಕೆ ಸುಮಾರು ೧೫. ಇದನ್ನೇ ಔಷಧಶಾಸ್ತ್ರದಲ್ಲಿ 'ಜೈವಿಕ ಲಭ್ಯತೆ' ಎನ್ನುತ್ತಾರೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯುಂಟು. ಆದರೆ ಈ ಸುಂಕದವನು ಎಲ್ಲರಲ್ಲಿಯೂ ಒಂದೇ ದರ ಹಾಕುವುದಿಲ್ಲ. ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ ೩ರಿಂದ ೩೩ರವರೆಗೂ ರಕ್ತಕ್ಕೆ ಸೇರಿದುದು ಕಂಡುಬಂದಿದೆ. ಬೀಡಿ ಸಿಗರೇಟು ಸೇದುವವರಲ್ಲಿ ಈ ಕಿಣ್ವ ಚುರುಕಾಗಿರುತ್ತದೆ. ಅವರಿಗೆ ದಕ್ಕುವುದು ಕಡಮೆ. ಕಾಫಿಯನ್ನು ಕರಗಿಸುವ ಕೆಲಸವೂ ಇದೇ ಕಿಣ್ವದ್ದು. ಆದುದರಿಂದ ಕಾಫಿಯ ಸಂಗಡ ಮೆಲಟೊನಿನ್ ಹೋದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ, ಆದರೆ ಕಾಫಿಯೇ ನಿದ್ರೆಯನ್ನು ಓಡಿಸುವುದರಿಂದ ಬಂದ ಲಾಭ ಹೋಯಿತು. ಎಲ್ಲಕ್ಕಿಂತ ಎಚ್ಚರಿಕೆಯ ಸಂಗತಿ ಬೇರೊಂದಿದೆ. ಮನೋವ್ಯಾಧಿಗೆ ಕೊಡುವ ಫ್ಲುವಾಕ್ಸಮೀನ್ ಎಂಬ ಔಷಧವು ಈ ಕಿಣ್ವವನ್ನು ಬಹುಮಟ್ಟಿಗೆ ತಡೆಹಿಡಿಯುತ್ತದೆ. ಅದನ್ನು ಸೇವಿಸುವವರಲ್ಲಿ ಮೆಲಟೊನಿನ್ ಒಟ್ಟು ೧೭ ಪಟ್ಟು ಹೆಚ್ಚಾದ ದಾಖಲೆ ಇದೆ. ಸುಂಕದ ಕಟ್ಟೆಗೆ ಬೀಗ ಬಿದ್ದರೆ ಆಗುವ ಪರಿಣಾಮ ಇದು. ಇವೆರಡನ್ನೂ ಒಟ್ಟಿಗೆ ಎಂದೂ ತೆಗೆದುಕೊಳ್ಳಬಾರದು.

೩. ಒಂದು ಸುಲಭವಾದ ಲೆಕ್ಕ

೩ ಮಿಲಿಗ್ರಾಮಿನ ಗುಳಿಗೆಯಲ್ಲಿ ೩,೦೦೦ ಮೈಕ್ರೋಗ್ರಾಂ. ಅದರ ನೂರಕ್ಕೆ ೧೫ ಎಂದರೆ ೪೫೦. ದೇಹ ತಾನಾಗಿ ಇಡೀ ರಾತ್ರಿಗೆ ಬಿಡುವುದು ಸುಮಾರು ೩೦. ಎಂದರೆ, ಅಷ್ಟು ಸುಂಕ ಕೊಟ್ಟ ಮೇಲೂ ನಮಗೆ ದಕ್ಕಿದ್ದು ಸಹಜಕ್ಕಿಂತ ಹದಿನೈದು ಪಟ್ಟು! ಇದಕ್ಕೆ ಬದಲಾಗಿ ೦.೩ ಮಿಲಿಗ್ರಾಂ, ಎಂದರೆ ಹತ್ತನೆಯ ಒಂದು ಪಾಲು ತೆಗೆದುಕೊಂಡರೆ ದಕ್ಕುವುದು ೪೫ ಮೈಕ್ರೋಗ್ರಾಂ. ಸಹಜ ಪ್ರಮಾಣಕ್ಕೆ ಸಮೀಪವಾದದ್ದು.

ಇದು ಬರಿಯ ಕಾಗದದ ಲೆಕ್ಕವಲ್ಲ. ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಐವತ್ತು ದಾಟಿದ ನಿದ್ರಾಹೀನರಿಗೆ ೦.೧, ೦.೩ ಮತ್ತು ೩ ಮಿಲಿಗ್ರಾಮಿನ ಪ್ರಮಾಣಗಳನ್ನು ಕೊಟ್ಟು ನೋಡಿದರು. ಚೆನ್ನಾಗಿ ಫಲ ಕೊಟ್ಟದ್ದು ೦.೩ ಮಿಲಿಗ್ರಾಂ. ೩ ಮಿಲಿಗ್ರಾಮಿನಿಂದಲೂ ನಿದ್ರೆ ಸುಧಾರಿಸಿತಾದರೂ ಮೈಯ ಶಾಖ ಇಳಿಯಿತು, ಮಾರನೆಯ ಹಗಲೂ ರಕ್ತದಲ್ಲಿ ಮೆಲಟೊನಿನ್ ಉಳಿದಿತ್ತು.

'ನಡುರಾತ್ರಿ ಎಚ್ಚರವಾಗುತ್ತದೆ, ಪ್ರಮಾಣ ಇಮ್ಮಡಿ ಮಾಡಿದರೆ ಬೆಳಗಿನವರೆಗೆ ಬಂದೀತಲ್ಲವೆ?' ಎಂದು ಕೆಲವರು ಕೇಳುವುದುಂಟು. ಇಲ್ಲಿ ಇನ್ನೊಂದು ಅಂಕಿ ಬೇಕಾಗುತ್ತದೆ. ರಕ್ತವನ್ನು ಸೇರಿದ ಮೆಲಟೊನಿನ್ ಸುಮಾರು ೪೫ ನಿಮಿಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಒಂದೂವರೆ ಗಂಟೆಗೆ ಕಾಲುಭಾಗ. ಮೂರು ಗಂಟೆಗೆ ಹದಿನಾರರಲ್ಲಿ ಒಂದು. ಈಗ ಒಬ್ಬ ೩ ಮಿಲಿಗ್ರಾಂ, ಇನ್ನೊಬ್ಬ ೬ ಮಿಲಿಗ್ರಾಂ ತೆಗೆದುಕೊಂಡನೆನ್ನಿ. ಎರಡನೆಯವನ ರಕ್ತದಲ್ಲಿ ಯಾವಾಗಲೂ ಮೊದಲನೆಯವನ ಎರಡರಷ್ಟು ಇರುತ್ತದೆ. ಆದರೆ ೪೫ ನಿಮಿಷ ಕಳೆದರೆ ಎರಡನೆಯವನು ಮೊದಲನೆಯವನು ಇದ್ದ ಮಟ್ಟಕ್ಕೆ ಇಳಿಯುತ್ತಾನೆ. ಆದುದರಿಂದ ಇಮ್ಮಡಿ ಔಷಧದಿಂದ ಅವನು ಕೊಂಡದ್ದು ಕೇವಲ ೪೫ ನಿಮಿಷ. ನಾಲ್ಮಡಿ ಮಾಡಿದರೂ ಒಂದೂವರೆ ಗಂಟೆ ಅಷ್ಟೆ. ಹೆಚ್ಚು ಹೊತ್ತು ಉಳಿಸಬೇಕಾದರೆ ಪ್ರಮಾಣವನ್ನಲ್ಲ, ರೂಪವನ್ನು ಬದಲಿಸಬೇಕು.

೪. ಒಂದೊಂದು ರೂಪವೂ ಒಂದೊಂದು ದಾರಿ

ಸಾಮಾನ್ಯ ಗುಳಿಗೆ ಮತ್ತು ಕೋಶ. ಬರಿ ಹೊಟ್ಟೆಯಲ್ಲಿ ನುಂಗಿದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ತುದಿ ಮುಟ್ಟಿ, ಬೇಗನೆ ಇಳಿಯುತ್ತದೆ. ನಿದ್ರೆ ಹತ್ತುವುದೇ ತಡವಾಗುವವರಿಗೆ ಈ ರೂಪ ಹೊಂದುತ್ತದೆ. ಭರ್ಜರಿ ಊಟದ ಮೇಲೆ ನುಂಗಿದರೆ ಜಠರ ತಡವಾಗಿ ಬಿಟ್ಟುಕೊಡುವುದರಿಂದ ತುದಿಯೂ ತಡವಾಗುತ್ತದೆ.

ಹನಿ ಮತ್ತು ಸಿರಪ್ಪು. ಕರಗುವ ಕೆಲಸ ಮೊದಲೇ ಆಗಿರುವುದರಿಂದ ತುಸು ಬೇಗ ಏರುತ್ತದೆ. ದಾರಿ ಮಾತ್ರ ಅದೇ, ಸುಂಕವೂ ಅದೇ.

ನಿಧಾನವಾಗಿ ಬಿಡುವ ಗುಳಿಗೆ. ಇದರ ಒಡಲಲ್ಲಿ ಔಷಧವನ್ನು ಅಂಟಿನಂಥ ಪದಾರ್ಥದೊಳಗೆ ಹುದುಗಿಸಿರುತ್ತಾರೆ. ನೀರು ಒಳಹೊಕ್ಕಂತೆ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಇಂಥ ೨ ಮಿಲಿಗ್ರಾಮಿನ ಗುಳಿಗೆಯೊಂದಕ್ಕೆ ೨೦೦೭ರಲ್ಲಿ ಯೂರೋಪಿನ ಒಕ್ಕೂಟ ಐವತ್ತೈದು ದಾಟಿದವರಿಗಾಗಿ ಒಪ್ಪಿಗೆ ಕೊಟ್ಟಿತು. ಇದನ್ನು ಊಟವಾದ ಮೇಲೆ, ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ಆಹಾರದೊಂದಿಗೆ ಅದರ ತುದಿ ಸುಮಾರು ೩ ಗಂಟೆಗೆ ಬರುತ್ತದೆ. ಬರಿ ಹೊಟ್ಟೆಯಲ್ಲಿ ಮುಕ್ಕಾಲು ಗಂಟೆಗೇ ಬಂದುಬಿಡುತ್ತದೆ. ಈ ಗುಳಿಗೆಯನ್ನು ಮುರಿಯಬಾರದು, ಅಗಿಯಬಾರದು, ಪುಡಿಮಾಡಿ ಹಾಲಿನಲ್ಲಿ ಕದಡಬಾರದು. ಹಾಗೆ ಮಾಡಿದರೆ ಒಡಲು ಒಡೆದು, ಅದು ಸಾಮಾನ್ಯ ಗುಳಿಗೆಯೇ ಆಗಿಬಿಡುತ್ತದೆ. ಕೊಟ್ಟ ಹೆಚ್ಚಿನ ಬೆಲೆ ವ್ಯರ್ಥ.

ನಾಲಗೆಯ ಕೆಳಗಿಡುವ ಬಿಲ್ಲೆ ಮತ್ತು ತುಂತುರು. ಎದೆನೋವಿನವರು ಸಾರ್ಬಿಟ್ರೇಟ್ ಗುಳಿಗೆಯನ್ನು ನಾಲಗೆಯ ಕೆಳಗಿಟ್ಟುಕೊಳ್ಳುವುದನ್ನು ನಾವು ನೋಡಿದ್ದೇವೆ. ಅಲ್ಲಿನ ತೆಳುವಾದ ಒಳಪೊರೆಯಿಂದ ಹೊರಟ ರಕ್ತ ಕುತ್ತಿಗೆಯ ಅಭಿಧಮನಿಗಳ ಮೂಲಕ ಗುಂಡಿಗೆಗೆ ಹೋಗುತ್ತದೆ; ಯಕೃತ್ತಿನ ಕಟ್ಟೆ ಮೊದಲ ಸಲ ತಪ್ಪುತ್ತದೆ. ಮೆಲಟೊನಿನ್ನಿಗೂ ಈ ದಾರಿ ತೆರೆದಿದೆ. ಆದರೆ ಇದು ಬಾಯೊಳಗೆ ಹೀರಲ್ಪಟ್ಟಷ್ಟಕ್ಕೆ ಮಾತ್ರ ನಿಜ. ಎಂಜಲಿನೊಡನೆ ಗಂಟಲಿಗಿಳಿದ ಭಾಗ ಹಳೆಯ ದಾರಿಯನ್ನೇ ಹಿಡಿಯುತ್ತದೆ. 'ಬಾಯಲ್ಲಿ ಕರಗುವುದು' ಬೇರೆ, 'ಬಾಯಲ್ಲಿ ಹೀರಲ್ಪಡುವುದು' ಬೇರೆ. ನಾಲಗೆಯ ಮೇಲಿಟ್ಟು ಚಪ್ಪರಿಸಿ ನುಂಗಿದರೆ ನೀರಿಲ್ಲದೆ ನುಂಗಿದ ಅನುಕೂಲವೇ ಹೊರತು ಬೇರೆ ಲಾಭವಿಲ್ಲ. ಇನ್ನೊಂದು ಮಾತು: ಈ ದಾರಿಯಲ್ಲಿ ಸುಂಕ ತಪ್ಪುವುದರಿಂದ ಅದೇ ಪ್ರಮಾಣ ಹೆಚ್ಚಾಗಿ ದಕ್ಕೀತು. ಗುಳಿಗೆಯ ಅಂಕಿಯನ್ನೇ ಇದಕ್ಕೂ ಹೊಂದಿಸಿಕೊಳ್ಳಬಾರದು.

ಚರ್ಮದ ಪಟ್ಟಿ. ಇದರಲ್ಲಿಯೂ ಕಟ್ಟೆ ತಪ್ಪುತ್ತದೆ. ಆದರೆ ಮೆಲಟೊನಿನ್ ಚರ್ಮದಲ್ಲಿ ತಂಗಿ ನಿಧಾನವಾಗಿ ಇಳಿಯುವುದರಿಂದ, ಪಟ್ಟಿಯನ್ನು ಕಿತ್ತ ಮೇಲೂ ಕೆಲವು ಹೊತ್ತು ರಕ್ತಕ್ಕೆ ಸೇರುತ್ತಿರುತ್ತದೆ. ಬೆಳಗ್ಗೆ ಬೇಗ ವಾಹನ ನಡೆಸಬೇಕಾದವರು ಇದನ್ನು ಯೋಚಿಸಬೇಕು.

ಗಮ್ಮಿ. ರುಚಿಯಲ್ಲಿ ಮಿಠಾಯಿ, ದಾರಿಯಲ್ಲಿ ಸಾಮಾನ್ಯ ಗುಳಿಗೆ. ಅಗಿದು ತಿನ್ನುವ ವಸ್ತುವಾದುದರಿಂದ ನಿಧಾನವಾಗಿ ಬಿಡುವ ಗುಣವನ್ನು ಇದರಿಂದ ನಿರೀಕ್ಷಿಸಬಾರದು. ಸಸ್ಯಾಹಾರಿಗಳು ಇದರ ಹೊದಿಕೆಯ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಕೊಳ್ಳುವುದು ಲೇಸು. ಅನೇಕ ಗಮ್ಮಿಗಳು ಪ್ರಾಣಿಜನ್ಯವಾದ ಜೆಲಟಿನ್ನಿನಿಂದ ಆದವು.

೫. ಇದನ್ನೆಲ್ಲ ಅಳೆಯುವುದು ಹೇಗೆ?

ಈ ಅಳತೆಯ ವಿದ್ಯೆಗೆ ಅಹಮದಾಬಾದು ಇಂದು ದೇಶದ ಮುಖ್ಯ ಕೇಂದ್ರಗಳಲ್ಲೊಂದು. ಔಷಧಗಳ ಜೈವಿಕ ಲಭ್ಯತೆಯನ್ನು ಪರೀಕ್ಷಿಸುವ ಹಲವು ಸಂಸ್ಥೆಗಳು ಈ ನಗರದಲ್ಲಿವೆ. ವಿಧಾನ ಹೀಗೆ: ಒಪ್ಪಿಗೆ ಕೊಟ್ಟ ಆರೋಗ್ಯವಂತರು ರಾತ್ರಿ ಉಪವಾಸವಿದ್ದು, ಗೊತ್ತಾದ ಪ್ರಮಾಣದ ನೀರಿನೊಡನೆ ಔಷಧ ನುಂಗುತ್ತಾರೆ. ಆಮೇಲೆ ಗೊತ್ತುಪಡಿಸಿದ ನಿಮಿಷಗಳಿಗೆ ಸರಿಯಾಗಿ ಅವರ ತೋಳಿನಿಂದ ರಕ್ತ ತೆಗೆದು, ಅದರಲ್ಲಿ ಔಷಧವೆಷ್ಟಿದೆಯೆಂದು ಅಳೆಯುತ್ತಾರೆ. ಅಂಕಿಗಳನ್ನು ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಿ ಸೇರಿಸಿದರೆ ಗುಡ್ಡದಂಥ ಗೆರೆ ಮೂಡುತ್ತದೆ. ಗುಡ್ಡದ ತುದಿ ಎಷ್ಟು ಬೇಗ ಬಂತು, ಎಷ್ಟು ಎತ್ತರವಾಯಿತು, ಗುಡ್ಡದ ಅಡಿಯ ಒಟ್ಟು ವಿಸ್ತಾರವೆಷ್ಟು, ಈ ಮೂರು ಅಂಶಗಳೇ ಔಷಧದ ನಿಜವಾದ ಚೀಟಿ. ಅದೇ ವಸ್ತುವನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದಾಗ ಬರುವ ವಿಸ್ತಾರದೊಡನೆ ಹೋಲಿಸಿದರೆ ನೂರಕ್ಕೆ ಎಷ್ಟು ದಕ್ಕಿತೆಂದು ಗೊತ್ತಾಗುತ್ತದೆ. ಇಂಥ ಪರೀಕ್ಷೆಗಳನ್ನು ನಡೆಸುವ ಕೇಂದ್ರಗಳ ನೋಂದಣಿಗೂ, ನೀತಿಸಮಿತಿಯ ಒಪ್ಪಿಗೆಗೂ ೨೦೧೯ರ ಹೊಸ ಔಷಧ ನಿಯಮಾವಳಿಯಲ್ಲಿ ಕಟ್ಟುಪಾಡುಗಳಿವೆ.

ಮೆಲಟೊನಿನ್ನಿನ ವಿಷಯದಲ್ಲಿ ಒಂದು ವಿಶೇಷ ತೊಡಕುಂಟು. ರಾತ್ರಿ ದೇಹವೇ ಅದನ್ನು ಮಾಡುವುದರಿಂದ ಹೊರಗಿನದೆಷ್ಟು, ಒಳಗಿನದೆಷ್ಟು ಎಂದು ತಿಳಿಯದು. ಆದುದರಿಂದ ದೇಹದ ಮೆಲಟೊನಿನ್ ತೀರ ಕಡಮೆಯಿರುವ ಹಗಲಿನಲ್ಲಿಯೇ ಇಂಥ ಅಳತೆಗಳನ್ನು ಸಾಮಾನ್ಯವಾಗಿ ಮಾಡುತ್ತಾರೆ.

೬. ಚೀಟಿಯನ್ನು ಎಷ್ಟು ನಂಬಬಹುದು?

ಅಮೆರಿಕದಲ್ಲಿ ಮೆಲಟೊನಿನ್ ಔಷಧವಾಗಿ ಅಲ್ಲ, ಪೂರಕ ಆಹಾರವಾಗಿ ಮಾರಾಟವಾಗುತ್ತದೆ. ಅಲ್ಲಿನ ೨೫ ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದ ವರದಿ ೨೦೨೩ರಲ್ಲಿ ಪ್ರಕಟವಾಯಿತು. ೨೨ರಲ್ಲಿ ಚೀಟಿಗೂ ಒಳಗಿನ ವಸ್ತುವಿಗೂ ಹೊಂದಿಕೆಯಿರಲಿಲ್ಲ. ಒಂದರಲ್ಲಿ ಮೆಲಟೊನಿನ್ ಇರಲೇ ಇಲ್ಲ. ಉಳಿದವುಗಳಲ್ಲಿ ಹೇಳಿದ್ದರ ನೂರಕ್ಕೆ ೭೪ರಿಂದ ೩೪೭ರವರೆಗೆ ಇತ್ತು. ೧ ಎಂದು ಬರೆದಲ್ಲಿ ಮೂರೂವರೆ ಇದ್ದರೆ, ನಾವು ಮಾಡಿದ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ.

ಮಕ್ಕಳಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮಕ್ಕಳು ಮೆಲಟೊನಿನ್ ತಿಂದುಬಿಟ್ಟ ಪ್ರಸಂಗಗಳು ಅಮೆರಿಕದ ವಿಷನಿಯಂತ್ರಣ ಕೇಂದ್ರಗಳಿಗೆ ೨೦೧೨ರಲ್ಲಿ ೮,೩೩೭ ವರದಿಯಾದರೆ, ೨೦೨೧ರಲ್ಲಿ ೫೨,೫೬೩ ವರದಿಯಾದುವು. ಬಹುಪಾಲು ಮಕ್ಕಳಿಗೆ ಹೆಚ್ಚಿನ ತೊಂದರೆಯಾಗಲಿಲ್ಲ. ಕೆಲವರಿಗೆ ಆಸ್ಪತ್ರೆಯ ಆರೈಕೆ ಬೇಕಾಯಿತು. ಮಿಠಾಯಿಯ ರುಚಿಯ ಔಷಧವನ್ನು ಮಿಠಾಯಿಯ ಡಬ್ಬಿಯ ಪಕ್ಕದಲ್ಲಿಡಬಾರದು. ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡಲೂಬಾರದು.

೭. ರಾತ್ರಿಪಾಳಿಯವರಿಗೆ ನಾಲ್ಕು ಮಾತು

ಮೊದಲು, ಫಲ ಎಷ್ಟೆಂಬುದನ್ನು ತಿಳಿದಿರಬೇಕು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ೨೦೧೪ರ ಕಾಕ್ರೇನ್ ವಿಮರ್ಶೆಯಂತೆ, ರಾತ್ರಿಪಾಳಿಯ ಮೇಲೆ ಹಗಲು ಮಲಗುವವರಿಗೆ ಮೆಲಟೊನಿನ್ನಿನಿಂದ ಸುಮಾರು ೨೪ ನಿಮಿಷ ಹೆಚ್ಚು ನಿದ್ರೆ ಬರಬಹುದು. ಆ ಪ್ರಯೋಗಗಳೂ ಅಷ್ಟೇನೂ ಗಟ್ಟಿಯಾದುವಲ್ಲವೆಂದು ಆ ವಿಮರ್ಶೆಯೇ ಹೇಳಿದೆ. ದಟ್ಟನೆಯ ಪರದೆ, ಮುಚ್ಚಿದ ಕಿಟಕಿ, ದೂರವಿಟ್ಟ ಫೋನು ಇವುಗಳನ್ನು ಬಿಟ್ಟು ಬರಿಯ ಗುಳಿಗೆಯನ್ನು ನೆಚ್ಚುವುದು ತರವಲ್ಲ. ದೇಹಕ್ಕೆ 'ರಾತ್ರಿ' ಎಂದು ಗುಳಿಗೆ ಹೇಳುತ್ತಿರುವಾಗ, ಕಣ್ಣಿಗೆ ಬಿದ್ದ ಬಿಸಿಲು 'ಹಗಲು' ಎಂದು ಕೂಗುತ್ತಿದ್ದರೆ ದೇಹ ಯಾರ ಮಾತು ಕೇಳಬೇಕು?

ಎರಡನೆಯದಾಗಿ, ಪಾಳಿ ಮುಗಿಸಿ ಮನೆ ಸೇರಿದ ಮೇಲೆಯೇ ತೆಗೆದುಕೊಳ್ಳಬೇಕು. ಹಜೀರಾದಿಂದ ಹೊರಡುವ ಮೊದಲು ನುಂಗಿದರೆ, ಮುಕ್ಕಾಲು ಗಂಟೆಗೆ ತುದಿ ಮುಟ್ಟುವುದು ನೀವು ಸ್ಕೂಟರಿನ ಮೇಲೆ ಸೂರತ್ತಿನ ಸಂದಣಿಯಲ್ಲಿರುವಾಗ.

ಮೂರನೆಯದಾಗಿ, ಅಂಗಡಿಯಲ್ಲಿ ಸಿಗುವ ಅತಿ ಕಡಮೆ ಪ್ರಮಾಣದಿಂದ ಆರಂಭಿಸಬೇಕು. ಫಲ ಕಾಣದಿದ್ದರೆ ಪ್ರಮಾಣ ಏರಿಸುವುದಕ್ಕೆ ಮುಂಚೆ ಹೊತ್ತನ್ನೂ ಊಟದ ಅಂತರವನ್ನೂ ಸರಿಪಡಿಸಿ ನೋಡಬೇಕು.

ನಾಲ್ಕನೆಯದಾಗಿ, ರಕ್ತ ತೆಳುವಾಗಿಸುವ ಔಷಧ, ಮೂರ್ಛೆರೋಗದ ಔಷಧ, ಮನೋವ್ಯಾಧಿಯ ಔಷಧ ಸೇವಿಸುವವರು, ಗರ್ಭಿಣಿಯರು, ಯಕೃತ್ತಿನ ರೋಗವುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಸುಂಕದ ಕಟ್ಟೆಯೇ ಕೆಟ್ಟಿರುವಾಗ ಎಷ್ಟು ಸರಕು ಊರೊಳಗೆ ನುಗ್ಗೀತೆಂಬುದನ್ನು ಅಂಗಡಿಯವನು ಹೇಳಲಾರ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆಯಿಂದ ಬಾರದ ನಿದ್ರೆಗೆ ಮೆಲಟೊನಿನ್ ಮದ್ದಲ್ಲ. ಹೊತ್ತು ತಪ್ಪಿದ ನಿದ್ರೆಯನ್ನು ಹೊತ್ತಿಗೆ ತರಲು ಅದು ತುಸು ನೆರವಾದೀತು. ತಿಂಗಳುಗಟ್ಟಲೆ ನಿದ್ರೆ ಕೆಟ್ಟಿದ್ದರೆ ಕಾರಣವನ್ನು ವೈದ್ಯರಿಂದ ತಿಳಿಯುವುದೇ ಸರಿಯಾದ ದಾರಿ.

ಅಭ್ಯಾಸ

(೧) ೫ ಮಿಲಿಗ್ರಾಮಿನ ಗುಳಿಗೆಯಿಂದ, ನೂರಕ್ಕೆ ೧೫ರ ಲೆಕ್ಕದಲ್ಲಿ, ರಕ್ತಕ್ಕೆ ಸೇರುವುದು ಎಷ್ಟು ಮೈಕ್ರೋಗ್ರಾಂ? ಅದು ದೇಹದ ಒಂದು ರಾತ್ರಿಯ ಸಹಜ ಪ್ರಮಾಣದ ಎಷ್ಟು ಪಟ್ಟು?

(೨) ಒಬ್ಬರು ನಿಧಾನವಾಗಿ ಬಿಡುವ ಗುಳಿಗೆಯನ್ನು ಪುಡಿಮಾಡಿ ಬರಿ ಹೊಟ್ಟೆಯಲ್ಲಿ ಸೇವಿಸಿದರು. ನಿದ್ರೆ ಬೇಗ ಹತ್ತಿತು, ಮೂರು ಗಂಟೆಗೆ ಎಚ್ಚರವಾಯಿತು. ಕಾರಣವನ್ನು ವಿವರಿಸಿ.

(೩) ನಾಲಗೆಯ ಕೆಳಗಿಡುವ ಬಿಲ್ಲೆಯನ್ನು ನುಂಗಿಬಿಟ್ಟರೆ ಅದರ ದಾರಿ ಹೇಗೆ ಬದಲಾಗುತ್ತದೆ?

(ಉತ್ತರ, ಮೊದಲನೆಯದಕ್ಕೆ: ೭೫೦ ಮೈಕ್ರೋಗ್ರಾಂ, ೨೫ ಪಟ್ಟು. ಉಳಿದೆರಡರ ಉತ್ತರ ಪಾಠದಲ್ಲಿಯೇ ಇದೆ.)